ಅರ್ಧ ತಾಲ್ಲೂಕಿನ ಸೊನ್ನೆ

ಕೋವಿಡ್ ಹಾವಳಿ ಇಳಿದು ಕಾಲೇಜುಗಳು ಮೊದಲಿನಂತೆ ನಡೆಯತೊಡಗಿದ್ದ ಕಾಲ. ಸೊಲ್ಲಾಪುರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಸಿಸ್ಟಮ್ ಅಡ್ಮಿನಿಸ್ಟ್ರೇಟರ್. ಹದಿನಾರು ಕಂಪ್ಯೂಟರುಗಳನ್ನು ಜೋಡಿಸಿ ಒಂದೇ ದೊಡ್ಡ ಯಂತ್ರದಂತೆ ದುಡಿಸುವ ಕ್ಲಸ್ಟರ್ ನನ್ನ ಸುಪರ್ದಿಯಲ್ಲಿತ್ತು. ಆ ವರ್ಷ ಹೈ ಪರ್ಫಾರ್ಮೆನ್ಸ್ ಮತ್ತು ಗ್ರಿಡ್ ಕಂಪ್ಯೂಟಿಂಗ್ ಕುರಿತ ಸಮ್ಮೇಳನ ನಮ್ಮಲ್ಲೇ ನಡೆಯಿತು. ಅಲ್ಲಿ ನಾನು ಮಾಡಿದ್ದನ್ನು ಕೆಲವರು ಇಂದಿಗೂ ದ್ರೋಹ ಎನ್ನುತ್ತಾರೆ.

ನಮ್ಮ ವಿಭಾಗದ ಮುಖ್ಯಸ್ಥ ಪಾಟೀಲ ಸರ್ ಅವರ ಪ್ರಬಂಧವೇ ಸಮ್ಮೇಳನದ ಮುಖ್ಯ ಆಕರ್ಷಣೆ. ಬೇರೆ ಬೇರೆ ಊರಿನ ಕಂಪ್ಯೂಟರುಗಳಿಗೆ ಒಂದೇ ಲೆಕ್ಕವನ್ನು ಹಂಚಿ ಮಾಡಿಸುವುದಕ್ಕೆ ಗ್ರಿಡ್ ಎನ್ನುತ್ತಾರೆ. ಅವರು ಅಕ್ಕಲಕೋಟೆಯ ಒಂದು ಕಾಲೇಜಿನ ಯಂತ್ರಗಳನ್ನು ನಮ್ಮ ಕ್ಲಸ್ಟರಿಗೆ ಜೋಡಿಸಿ, ಭಾರಿ ಮಳೆಯಾದರೆ ಅಕ್ಕಲಕೋಟೆ ತಾಲ್ಲೂಕಿನ ಯಾವ ಹಳ್ಳಿಗೆ ಎಷ್ಟು ನೀರು ನುಗ್ಗುತ್ತದೆ ಎಂಬ ನಕಾಶೆ ಮಾಡಿಸಿದ್ದರು. ಆರು ತಾಸಿನ ಲೆಕ್ಕ ಮೂರು ತಾಸಿಗೆ ಮುಗಿದಿತ್ತು. ಎರಡು ಕಡೆ ಹಂಚಿದರೆ ಅರ್ಧ ಹೊತ್ತು ಸಹಜ ತಾನೆ? ಯಾರಿಗೂ ಸಂಶಯ ಬರಲಿಲ್ಲ. ಸಮಾರೋಪದಲ್ಲಿ ನಕಾಶೆಯನ್ನು ಜಿಲ್ಲೆಯ ಅಧಿಕಾರಿಗಳಿಗೆ ಒಪ್ಪಿಸುವುದೆಂದು ತೀರ್ಮಾನವಾಗಿತ್ತು.

ಸಮಾರೋಪದ ಹಿಂದಿನ ದಿನ ನಕಾಶೆಯ ಪ್ರಿಂಟ್ ತೆಗೆಯುವಾಗ ನನ್ನೂರು ಕರಜಗಿ ಕಣ್ಣಿಗೆ ಬಿತ್ತು. ಅಲ್ಲಿ ಹನಿ ನೀರಿಲ್ಲ. ನಮ್ಮದೇ ತಾಲ್ಲೂಕಿನ ಹನ್ನೂರಿನಲ್ಲೂ ಇಲ್ಲ. ಊರಲ್ಲಿ ಕುರಿ ಸಾಕಿಕೊಂಡಿರುವ ಅಣ್ಣ ಬೀರಪ್ಪನಿಗೆ ಫೋನ್ ಮಾಡಿ, ಹಿಂದಿನ ದೊಡ್ಡ ಮಳೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಿದೆ.

"ದೊಡ್ಡಿ ಬಾಗಲಕ್ಕ ಬಂದಿತ್ತಲ್ಲವಾ. ಹದಿನೇಳು ಕುರಿ ಹೋದ್ವು. ಮರತೇನು?" ಎಂದ.

ಯಂತ್ರ ತನ್ನ ಕೆಲಸವನ್ನೆಲ್ಲ ಬರೆದಿಡುವ ಲಾಗ್ ತೆರೆದೆ. ಅಕ್ಕಲಕೋಟೆಯ ಸಂಪರ್ಕ ಶುರುವಿನಲ್ಲೇ ಕಡಿದಿತ್ತು. ಅಲ್ಲಿಗೆ ಕಳಿಸಿದ ಅರ್ಧ ಲೆಕ್ಕ ನಡೆದೇ ಇರಲಿಲ್ಲ. ಪ್ರೋಗ್ರಾಮ್ ಆ ಜಾಗದಲ್ಲೆಲ್ಲ ಸೊನ್ನೆ ತುಂಬಿ, ಕೆಲಸ ಮುಗಿಯಿತೆಂದು ಹೇಳಿತ್ತು.

ಲಾಗಿನ ಪ್ರಿಂಟ್ ಹಿಡಿದು ಪಾಟೀಲ ಸರ್ ಬಳಿ ಹೋದೆ. ಅವರು ಎರಡು ಸಲ ಓದಿದರು. ತಪ್ಪಿಲ್ಲ ಎನ್ನಲಿಲ್ಲ.

"ಮುಂದ ತಿದ್ದೋಣಂತ. ಈಗ ಉಗಾಚ್, ಸುಮ್ಮಸುಮ್ಮನ ಗದ್ದಲ ಎಬ್ಬಿಸಬ್ಯಾಡ್ರಿ. ಡಿಪ್ಲೋಮಾದವರು ನೀವು, ಮಶೀನ್ ನೋಡ್ಕೊಂಡ್ ಇರ್ರಿ."

ನಾನು ನನ್ನ ಕುರ್ಚಿಗೆ ಮರಳುವಷ್ಟರಲ್ಲಿ ಕ್ಲಸ್ಟರಿನ ಪಾಸ್‌ವರ್ಡ್ ಬದಲಾಗಿತ್ತು.

ಮರುದಿನ ಪ್ರಬಂಧ ಮುಗಿದು ಪ್ರಶ್ನೆಗಳಿಗೆ ಅವಕಾಶ ಕೊಟ್ಟಾಗ ಎದ್ದು ನಿಂತೆ. ಪುಣೆಯಿಂದ ಬಂದಿದ್ದ ಹಿರಿಯ ವಿಜ್ಞಾನಿಯೊಬ್ಬರು ಅಧ್ಯಕ್ಷೆ. ನೀವು ಸಮ್ಮೇಳನದ ಪ್ರತಿನಿಧಿಯೇ ಎಂದು ಕೇಳಿದರು. ಅಲ್ಲ, ಈ ಯಂತ್ರ ನಡೆಸುವವಳು ಎಂದೆ. ಸಭೆ ನಕ್ಕಿತು. ಹಿಂದಿನ ಸಾಲಿನಿಂದ ನನ್ನದೇ ವಿಭಾಗದವನೊಬ್ಬ "ಬಸಾ ಖಾಲೀ!" ಎಂದು, ಕೆಳಗೆ ಕೂರಿ ಎಂದು ಮರಾಠಿಯಲ್ಲಿ ಗದರಿದ. ನಾನು ಕೂರಲಿಲ್ಲ. ನನ್ನೂರು ಕರಜಗಿಯೂ ಸೇರಿ ಅರ್ಧ ತಾಲ್ಲೂಕಿನ ಲೆಕ್ಕ ನಡೆದೇ ಇಲ್ಲ ಎಂದು ಹೇಳಿದೆ.

"ಆರೋಪ ಸುಳ್ಳಾದರೆ ನಿಮ್ಮನ್ನು ಇಲ್ಲಿಂದ ಹೊರಗೆ ಹಾಕಿಸುತ್ತೇನೆ," ಎಂದರು ಅಧ್ಯಕ್ಷೆ, ಇಂಗ್ಲಿಷಿನಲ್ಲಿ. ಆಮೇಲೆ ಪಾಟೀಲ ಸರ್ ಕಡೆ ತಿರುಗಿ, ಕರಜಗಿಯ ಅಂಕಿ ತೋರಿಸಿ ಎಂದರು.

ಪರದೆಯ ಮೇಲೆ ಸೊನ್ನೆಗಳು ಬಂದವು. ಕೆಳಗೆ ಸರಿಸಿದಷ್ಟೂ ಸೊನ್ನೆ. ಪಾಟೀಲ ಸರ್ "ಸಣ್ಣ ಟೆಕ್ನಿಕಲ್ ಇಶ್ಯೂ" ಎಂದರು. ಈಗ ಯಾರೂ ನಗಲಿಲ್ಲ.

ನಕಾಶೆಯನ್ನು ಒಪ್ಪಿಸಲಿಲ್ಲ. ಅಧ್ಯಕ್ಷೆ ಹೊರಡುವಾಗ ನನ್ನೆದುರು ನಿಂತು, ಇದನ್ನು ನಿನ್ನೆಯೇ ನನಗೆ ತಿಳಿಸಬಹುದಿತ್ತು ಎಂದಷ್ಟೇ ಹೇಳಿದರು. ಅದು ನಿಜವೇ ಆಗಿತ್ತು. ಊಟದ ಮೇಜಿನಲ್ಲಿ ನನ್ನ ಅಕ್ಕಪಕ್ಕದ ಕುರ್ಚಿಗಳು ಖಾಲಿ ಉಳಿದವು. ವಾರದೊಳಗೆ ನನ್ನನ್ನು ಪರೀಕ್ಷಾ ವಿಭಾಗಕ್ಕೆ, ಹಾಲ್ ಟಿಕೆಟ್ ಮುದ್ರಿಸಲು ಹಾಕಿದರು. ನಿವೃತ್ತಿಯಾಗುವವರೆಗೂ ಪಾಟೀಲ ಸರ್ ನನ್ನೊಂದಿಗೆ ಮಾತಾಡಲಿಲ್ಲ. ನಾನೂ ಮಾತಾಡಿಸಲಿಲ್ಲ. ಯಂತ್ರಕ್ಕೆ ತಾನು ಏನು ಬಿಟ್ಟಿದ್ದೇನೆಂಬ ಅರಿವಿರಲಿಲ್ಲ, ಅವರಿಗೆ ಇತ್ತು. ಅದನ್ನು ನಾನು ಕ್ಷಮಿಸಿಲ್ಲ.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು: ಬೇಗ ಮುಗಿಯಿತು ಎಂದು ಯಾರಾದರೂ ಹೆಮ್ಮೆಪಟ್ಟರೆ, ಏನನ್ನು ಮಾಡದೆ ಬಿಟ್ಟಿದ್ದೀರಿ ಎಂದು ಮೊದಲು ಕೇಳಬೇಕು. ಕೇಳಿದವರನ್ನು ಯಾರೂ ಪಕ್ಕದಲ್ಲಿ ಕೂರಿಸಿಕೊಳ್ಳುವುದಿಲ್ಲ. ಆದರೂ ಕೇಳಬೇಕು.