ಅತ್ತೆ ಹಾಡಿದ ಸಂಜೆ

ಸಂಗೀತಗಾರರು ಅವಳನ್ನು ಬೆಕ್ಕು ಎಂದೇ ಕರೆಯುತ್ತಿದ್ದರು. ಕಛೇರಿ ನಡೆಯುವಾಗ ಅವಳು ವೇದಿಕೆಯ ಪಕ್ಕಕ್ಕೆ ಯಾವಾಗ ಬಂದಳು, ಯಾವಾಗ ಜಾರಿಕೊಂಡಳು ಎಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಅಪ್ಪನ ಸ್ಟುಡಿಯೊದಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆಯುತ್ತಾ ಕೈ ಪಳಗಿಸಿಕೊಂಡವಳು ಆಮೇಲೆ ಸಂಗೀತದ ಬೆನ್ನು ಹತ್ತಿದಳು. ಅವಳ ಹಳೆಯ ಡಿಜಿಟಲ್ ಕ್ಯಾಮೆರಾ ಒಂದೊಂದು ಕ್ಲಿಕ್ಕಿಗೂ ಸದ್ದು ಮಾಡುತ್ತಿತ್ತು. ಹಾಗಾಗಿ ವಾದ್ಯಗಳು ಜೋರಾಗುವವರೆಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಹಾಗೆ ಕಾಯುತ್ತಾ ಕಾಯುತ್ತಾ ಒಬ್ಬ ಪಿಟೀಲುಗಾರನಿಗೆ ಮನಸೋತು ಅವನನ್ನೇ ಮದುವೆಯಾದಳು.

“ನೀ ತೆಗೆದ ಫೋಟೊದಲ್ಲೆಲ್ಲ ನನ್ ಬಾಯಿ ತೆರೆದೇ ಇರುತ್ತಲ್ಲೇ, ನೊಣ ಹಿಡಿಯೋನ ಹಾಗೆ” ಎಂದು ಅವನು ರೇಗಿಸುತ್ತಿದ್ದ.

ಒಂದು ಬೆಳಿಗ್ಗೆ ಅಭ್ಯಾಸಕ್ಕೆಂದು ಮನೆಯಿಂದ ಹೊರಟವನು ರಸ್ತೆ ಅಪಘಾತದಲ್ಲಿ ತೀರಿಕೊಂಡ. ಅವಳು ಅಳಲಿಲ್ಲ. ಅತ್ತೆಯೂ ಅಳಲಿಲ್ಲ. ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಮುಖ ತಪ್ಪಿಸಿಕೊಂಡು ದಿನ ದೂಡಿದರು.

ಅವನ ನೆನಪಿಗೆ ತಂಡದವರು ಕಛೇರಿ ಇಟ್ಟುಕೊಂಡರು. ಅಣ್ಣನ ಜಾಗದಲ್ಲಿ ಮೈದುನ ಪಿಟೀಲು ನುಡಿಸುವುದೆಂದಾಯಿತು. ಫೋಟೊ ತಾನೇ ತೆಗೆಯುತ್ತೇನೆಂದು ಅವಳು ಹೇಳಿದಾಗ ಅತ್ತೆಯ ಕೈಯಲ್ಲಿದ್ದ ಲೋಟ ಟಕ್ಕೆಂದು ಕಟ್ಟೆಗೆ ಬಡಿಯಿತು.

“ಗಂಡ ಹೋದ ಮೇಲೂ ನಿಂಗೆ ಆ ಡಬ್ಬಿ ಬೇಕಾ?”

“ಬರಿಗೈಲಿ ಅಲ್ಲಿ ಕೂರೋಕೆ ನನ್ ಕೈಲಾಗಲ್ಲ ಅತ್ತೆ.”

“ಹಾಗಾದ್ರೆ ತೆಗಿ. ಆದ್ರೆ ಅಳೋ ಮುಖ ಒಂದನ್ನೂ ತೆಗೀಬೇಡ. ನಮ್ ಸಂಕಟ ಕಂಡೋರ ಗೋಡೆ ಮೇಲೆ ನೇತಾಡೋದು ಬೇಡ.”

ಅವಳು ಕ್ಯಾಮೆರಾ ತರಲು ಒಳಗೆ ನಡೆದಳು.

ಸಭಾಂಗಣ ಕಿಕ್ಕಿರಿದಿತ್ತು. ಅತ್ತೆ ಮೊದಲ ಸಾಲಿನಲ್ಲಿ ಕಂಬದಂತೆ ಕೂತಿದ್ದರು. ಕೊನೆಯಲ್ಲಿ, ತೀರಿಕೊಂಡವನೇ ಹೊಸೆದಿದ್ದ ಒಂದು ಧಾಟಿ. ಉಳಿದ ವಾದ್ಯಗಳೆಲ್ಲ ಸುಮ್ಮನಾದವು. ಮೈದುನ ಒಬ್ಬನೇ ನುಡಿಸತೊಡಗಿದ. ಅರ್ಧಕ್ಕೆ ಬಂದಾಗ ಕಮಾನು ತಂತಿಯ ಮೇಲೆ ನಿಂತುಬಿಟ್ಟಿತು. ಅವನ ಗದ್ದ ಅದುರುತ್ತಿತ್ತು. ಮುಂದಿನ ಸ್ವರ ಎಲ್ಲೋ ಕಳೆದುಹೋದಂತೆ ಅವನು ಅತ್ತಿಗೆಯತ್ತ ನೋಡಿದ. ಅವಳ ಬೆರಳು ಗುಂಡಿಯ ಮೇಲಿತ್ತು, ಒತ್ತಲಾಗಲಿಲ್ಲ. ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಯಾರಾದರೂ ಏನಾದರೂ ಮಾಡಬಾರದೇ ಎಂದು ಅವಳು ಸಾಲುಗಳತ್ತ ಕಣ್ಣಾಡಿಸಿದಳು.

ಆಗ ಕೆಳಗಿನಿಂದ ತೆಳ್ಳನೆಯ ದನಿಯೊಂದು ಎದ್ದಿತು. ಅತ್ತೆ! ಮಗ ನಿತ್ಯ ನುಡಿಸುತ್ತಿದ್ದ ಧಾಟಿ, ಒಗ್ಗರಣೆ ಹಾಕುತ್ತಾ, ಬಟ್ಟೆ ಮಡಚುತ್ತಾ ಕಿವಿಗೆ ಬಿದ್ದದ್ದು; ಮುಂದಿನದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ, ಶ್ರುತಿ ತಪ್ಪಿದರೂ ಬಿಡದೆ ಹಾಡಿದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

ಅವಳು ಕ್ಯಾಮೆರಾ ಅತ್ತ ತಿರುಗಿಸಿದಳು. ಬೇಡವೆಂದದ್ದು ಕಿವಿಯಲ್ಲೇ ಇತ್ತು. ಒತ್ತಿದಳು. ಆ ತೆಳ್ಳನೆಯ ದನಿಯ ನಡುವೆ ಕ್ಲಿಕ್ ಎಂಬ ಸದ್ದು ಕೆನ್ನೆಗೆ ಹೊಡೆದಂತೆ ಕೇಳಿಸಿತು. ಜನ ತಿರುಗಿ ದುರುಗುಟ್ಟಿ ನೋಡಿದರು. ಅತ್ತೆ ಕಣ್ಣು ಬಿಟ್ಟು ಅವಳನ್ನೇ ನೋಡಿದರು, ಹಾಡು ಮಾತ್ರ ನಿಲ್ಲಿಸಲಿಲ್ಲ. ಮೈದುನನ ಕಮಾನು ಅಮ್ಮನ ದನಿ ಹಿಡಿದು ಮತ್ತೆ ಅಲುಗಿತು.

ಕಛೇರಿ ಮುಗಿಸಿ ಇಬ್ಬರೂ ಮನೆಗೆ ಬಂದರು. ಬಾಗಿಲು ಹಾಕಿಕೊಂಡ ಮೇಲೆ ಅತ್ತೆ ಕೈ ಚಾಚಿದರು.

“ತೋರ್ಸು.”

ಅವಳು ಕ್ಯಾಮೆರಾ ಮುಂದೆ ಹಿಡಿದಳು. ಅತ್ತೆ ಪರದೆಯನ್ನು ತುಂಬಾ ಹೊತ್ತು ನೋಡಿದರು.

“ಇದ್ರಲ್ಲಿ ನಾನು ಹಾಡ್ತಿದ್ದೀನಾ, ಅಳ್ತಿದ್ದೀನಾ?”

“ನಂಗೂ ಗೊತ್ತಾಗ್ಲಿಲ್ಲ ಅತ್ತೆ” ಎನ್ನುವಷ್ಟರಲ್ಲಿ ಅವಳಿಗೆ ಅಷ್ಟು ದಿನ ಬಾರದ ಅಳು ಒಮ್ಮೆಲೇ ಉಕ್ಕಿತು. ಅತ್ತೆ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, “ಅಳು, ಅತ್ಬಿಡು” ಎಂದರು.

ಆ ಚಿತ್ರವನ್ನು ತಂಡದ ಪೋಸ್ಟರಿಗೆ ಕೊಡೆಂದು ಮೈದುನ ಗೋಗರೆದ. ಅವಳು ಕೊಡಲಿಲ್ಲ. ಮುಂದಿನ ವಾರ ಬೇರೊಂದು ಕಛೇರಿಗೆ ಅವಳು ಹೊರಟಾಗ ಅತ್ತೆ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು.

“ನಾನೂ ಬರ್ತೀನಿ. ಮನೇಲಿ ಒಂದು ಸದ್ದೂ ಇಲ್ಲ ಕಣೇ.”