ಫುಟ್‌ಪಾತ್ ಹತ್ತಿದ ವೀಲ್‌ಚೇರ್

ವಿಜಯನಗರದ ಫುಟ್‌ಪಾತ್‌ಗಳಲ್ಲಿ ವೀಲ್‌ಚೇರ್ ಎಲ್ಲಿ ಓಡುತ್ತೆ, ಎಲ್ಲಿ ಓಡಲ್ಲ ಅಂತ ಅಳೆಯುವ ಕೆಲಸ ನನಗೆ ಸಿಕ್ಕಿತ್ತು. ಜೊತೆಗೆ ವಾರ್ಡಿನ ಇಂಜಿನಿಯರ್ ಇದ್ದರು, ಗೆಳತಿ ಶೈಲಜಾ ಇದ್ದಳು. ಶೈಲಜಾ ಓಡಾಡುವುದೇ ವೀಲ್‌ಚೇರಿನಲ್ಲಿ. ಮನೆ ಹತ್ತಿರದ ಲೈಬ್ರರಿಗೆ ಒಬ್ಬಳೇ ಹೋಗಿಬರಬೇಕು ಅನ್ನೋದು ಅವಳ ಬಹಳ ದಿನದ ಆಸೆ.

ಲೈಬ್ರರಿ ಮುಂದಿನ ಫುಟ್‌ಪಾತ್ ಮೊಣಕಾಲೆತ್ತರ ಇತ್ತು. ನಾನು ಟೇಪು ಬಿಚ್ಚುವಷ್ಟರಲ್ಲಿ ಎಳನೀರಿನವರು, ಆಟೋದವರು ನಾಲ್ಕು ಜನ ಓಡಿಬಂದು, "ಹುಷಾರು ಅಕ್ಕಾ" ಅನ್ನುತ್ತಾ ಅವಳನ್ನು ವೀಲ್‌ಚೇರ್ ಸಮೇತ ಎತ್ತಿ ಮೇಲಿಟ್ಟರು. ಬಂದಷ್ಟೇ ಬೇಗ ಹೊರಟೂ ಹೋದರು.

"ನೋಡಿ ಮೇಡಂ, ಹತ್ತಿದ್ರಲ್ಲ! ಹೋಗಬಹುದು ಅಂತ ಬರ್ಕೋತೀನಿ" ಎಂದರು ಇಂಜಿನಿಯರ್.

"ಬರ್ಕೊಳಿ ಸಾರ್," ಎಂದಳು ಶೈಲಜಾ. "ಆ ನಾಲ್ಕು ಜನಾನೂ ಇಲ್ಲೇ ಕಂಬದ ಥರ ನೆಟ್ಟುಬಿಡಿ, ನಾನು ದಿನಾ ಬರ್ತೀನಿ."

ಇಂಜಿನಿಯರ್ ನಕ್ಕರು. ಆದರೆ ಈಗ ಅವಳನ್ನು ಕೆಳಗಿಳಿಸೋಕೆ ಯಾರೂ ಇರಲಿಲ್ಲ. "ಮೇಡಂ, ನೀವೊಂದು ಕಡೆ ಹಿಡೀರಿ" ಅಂತ ನನಗೆ ಹೇಳಿ, ಶರ್ಟಿನ ತೋಳು ಮಡಚಿಕೊಂಡು ತಾವೇ ಮುಂದೆ ಬಂದರು, ಪಾಪ.

"ಮುಟ್ಟಬೇಡಿ ಸಾರ್," ಎಂದಳು ಇವಳು. "ಮೊದಲು ಇಲ್ಲಿ ರ‍್ಯಾಂಪ್ ಬೇಕು ಅಂತ ಬರೀರಿ. ಆಮೇಲೆ ಇಳಿಸಿ."

ಬರೆದರು.

ನಾನು ಎಷ್ಟೋ ದೇಶ ಸುತ್ತಿದೀನಿ. ನಮ್ಮವರಷ್ಟು ಬೇಗ ನೆರವಿಗೆ ಓಡಿಬರುವ ಜನ ಎಲ್ಲೂ ಸಿಕ್ಕಿಲ್ಲ. ನಮ್ಮಲ್ಲಿ ರ‍್ಯಾಂಪ್ ಇಷ್ಟು ನಿಧಾನವಾಗಿ ಬರೋದು ಬಹುಶಃ ಅದಕ್ಕೇ.