ಎ ಬದಿಯ ಕೊನೆಯ ಎರಡು ನಿಮಿಷ

ಕ್ಯಾಸೆಟ್ಟಿನ ಒಂದು ಬದಿಗೆ ಮೂವತ್ತು ನಿಮಿಷ ಎಂದು ಅದರ ಮೈಮೇಲೆ ಅಚ್ಚು ಹಾಕಿರುತ್ತಿದ್ದರು. ಆದರೆ ಮೂವತ್ತು ನಿಮಿಷಕ್ಕೆ ಸರಿಯಾಗಿ ಮುಗಿಯಬೇಕೆಂದು ಹಾಡುಗಳಿಗೆ ಯಾರೂ ಹೇಳಿರಲಿಲ್ಲ. ಆರು ಹಾಡು ತುಂಬಿದರೆ ಎರಡು ನಿಮಿಷ ಉಳಿಯುತ್ತಿತ್ತು, ಏಳನೆಯದನ್ನು ತುರುಕಿದರೆ ಅದು ಪಲ್ಲವಿಯಲ್ಲೇ ಪ್ರಾಣ ಬಿಡುತ್ತಿತ್ತು. ವಿಶಾಖಪಟ್ಟಣದ ಪೂರ್ಣಾ ಮಾರ್ಕೆಟ್ಟಿನ ಹತ್ತಿರ ರೆಕಾರ್ಡಿಂಗ್ ಅಂಗಡಿ ಇಟ್ಟಿದ್ದ ಸತ್ಯಂಗೆ ನಾವು ಬೇಕಾದ ಹಾಡುಗಳ ಪಟ್ಟಿ ಬರೆದು, ಜೊತೆಗೊಂದು ಖಾಲಿ ಕ್ಯಾಸೆಟ್ಟು ಕೊಟ್ಟು ಬರುತ್ತಿದ್ದೆವು. ಅವನು ಗೋಡೆ ತುಂಬ ಜೋಡಿಸಿಟ್ಟಿದ್ದ ಗ್ರಾಮೊಫೋನ್ ತಟ್ಟೆಗಳಿಂದಲೂ ಹಳೆಯ ಟೇಪುಗಳಿಂದಲೂ ಒಂದೊಂದನ್ನೇ ಹುಡುಕಿ ತುಂಬಿಸಿಡುತ್ತಿದ್ದ. ಬದಿಯ ಕೊನೆಗೆ ಉಳಿದ ಎರಡು ನಿಮಿಷವನ್ನು ಖಾಲಿ ಬಿಡುವುದು ಅವನ ಮಟ್ಟಿಗೆ ಊಟಕ್ಕೆ ಕೂತವರನ್ನು ಅರ್ಧಕ್ಕೆ ಎಬ್ಬಿಸಿದಷ್ಟೇ ಅಪಚಾರ. ಹಾಗಾಗಿ ಅಲ್ಲಿ ಪಟ್ಟಿಯಲ್ಲಿಲ್ಲದ ಯಾವುದೋ ತುಣುಕೊಂದು ಬಂದು ಕೂತಿರುತ್ತಿತ್ತು. ಅದಕ್ಕೆ ಹೆಸರಿಲ್ಲ, ಊರಿಲ್ಲ, ಹಾಡಿದವರ ಸುಳಿವಿಲ್ಲ. ನಾನು ಕೇಳಿ ಬರೆಸಿಕೊಂಡ ಹಾಡುಗಳಲ್ಲಿ ಹೆಚ್ಚಿನವು ಈಗ ನನ್ನ ತಲೆಯಲ್ಲಿಲ್ಲ. ಕೇಳದೆ ಬಂದ ಆ ಅತಿಥಿಗಳು ಮಾತ್ರ ಮನೆಯವರಾಗಿ ಉಳಿದಿದ್ದಾರೆ.

ಪಟ್ಟಿ ಕೊಡುವುದು ನಾನು, ಬೆಳಿಗ್ಗೆ ಬ್ಯಾಂಕಿಗೆ ಹೋಗುವ ದಾರಿಯಲ್ಲಿ. ತುಂಬಿದ ಕ್ಯಾಸೆಟ್ಟು ತರುವುದು ನನ್ನ ಹೆಂಡತಿ ವಿಮಲಾ, ತರಕಾರಿ ತರಲು ಹೋದಾಗ. ತುಮಕೂರಿನ ಕಡೆಯವರಾದ ನಾವು ವರ್ಗವಾಗಿ ಈ ಕಡಲ ಊರಿಗೆ ಬಂದ ಎಂಬತ್ತರ ದಶಕದ ಮಾತಿದು. ಅಂಗಡಿಯಲ್ಲೇ ನನಗೆ ಬಸವರಾಜ ಸಿಕ್ಕಿದ್ದು. ಗದಗಿನವನು, ನೌಕಾಪಡೆಯಲ್ಲಿ ಪೆಟ್ಟಿ ಆಫೀಸರ್, ಹಡಗಿನ ರೇಡಿಯೊ ಕೋಣೆಯಲ್ಲಿ ಕೆಲಸ. ಆ ದಿನ ಮಳೆ ಬರುತ್ತಿತ್ತು, ಇಬ್ಬರೂ ಒಂದೇ ಸೂರಿನಡಿ ನಿಂತೆವು ಎಂದು ಬರೆಯಲು ಕೈ ತವಕಿಸುತ್ತಿದೆ. ಬರುತ್ತಿರಲಿಲ್ಲ. ಗೆಳೆತನ ಶುರುವಾದ ದಿನಕ್ಕೆಲ್ಲ ನನ್ನ ನೆನಪು ತಾನಾಗಿಯೇ ಒಂದು ಮಳೆ ಸುರಿಸಿಬಿಡುತ್ತದೆ. ಅದರ ಈ ಅಲಂಕಾರಪ್ರೀತಿಯನ್ನು ನಾನು ಎಂದಿನಿಂದಲೋ ನಂಬುವುದು ಬಿಟ್ಟಿದ್ದೇನೆ. ಬಿಟ್ಟಿದ್ದೇನೆ ಎಂದುಕೊಂಡಿದ್ದೆ, ಎಂದರೆ ಇನ್ನೂ ಸರಿ.

ಬ್ಯಾಂಕಿನಲ್ಲಿ ಅರ್ಜಿಗಳ ಮೇಲೆ ಶಿಫಾರಸು ಬರೆಯುವುದು ನನ್ನ ಹಗಲಿನ ಕೆಲಸವಾದರೆ, ಹಾಡುಗಳನ್ನು ಶಿಫಾರಸು ಮಾಡುವುದು ಉಳಿದ ಹೊತ್ತಿನ ಚಟ. ಭಾನುವಾರ ಬೆಳಿಗ್ಗೆ ಬಸವರಾಜ ನಮ್ಮ ಮನೆಗೆ ಬರುತ್ತಿದ್ದ, ಇಲ್ಲವೇ ನಾವು ಅವನ ಕ್ವಾರ್ಟರ್ಸಿಗೆ ಹೋಗುತ್ತಿದ್ದೆವು. ಅವನ ಚೀಲದಿಂದ ಬಂದರು ಬಂದರಿನ ಟೇಪುಗಳು ಹೊರಬೀಳುತ್ತಿದ್ದವು: ಡೋಲು ಮಾತ್ರ ಇರುವವು, ತುತ್ತೂರಿ ಅಳುವವು, ಯಾವ ದೇಶದ್ದೆಂದು ಅವನಿಗೂ ತಿಳಿಯದ ಹೆಂಗಸರ ಗುಂಪುಹಾಡುಗಳು. ನನ್ನ ಕಡೆಯಿಂದ ನಲವತ್ತರ ದಶಕದ ರಂಗಗೀತೆ, ಐವತ್ತರ ದಶಕದ ಹಿಂದಿ ಯುಗಳಗೀತೆ, ಧಾರವಾಡದ ಖ್ಯಾಲು, ಹೊಸ ತೆಲುಗು ಚಿತ್ರದ ಕುಣಿತ. ಇವನ್ನು ಕಾಲಾನುಕ್ರಮದಲ್ಲಿ ಇಡುವುದು ನನಗೆ ಸೇರುತ್ತಿರಲಿಲ್ಲ. ನಾಗಸ್ವರದ ಪಕ್ಕಕ್ಕೆ ಜಾಜ್ ತುತ್ತೂರಿಯನ್ನು ಇಟ್ಟು, ಇಬ್ಬರು ನೆರೆಯವರು ಕಾಂಪೌಂಡ್ ಗೋಡೆಯಾಚೆ ಈಚೆ ನಿಂತು ವಾದಿಸುವುದನ್ನು ಕೇಳುವ ಸುಖವೇ ಬೇರೆ. ಆದರೆ ಒಂದು ತಪ್ಪೊಪ್ಪಿಗೆ. ನಾನು ಹಾಡು ಹಾಕಿ ಸುಮ್ಮನಿರುವ ಜಾತಿಯವನಲ್ಲ. "ಈಗ ಬರುತ್ತೆ ನೋಡಿ, ಈಗ... ಬಂತು!" ಎನ್ನುತ್ತ ಎಲ್ಲದಕ್ಕೂ ಮುಂಚೆ ಕೈಯೆತ್ತುವವನು. ಬಸವರಾಜನೂ ಅದೇ ಪಂಗಡ. ನಾವಿಬ್ಬರೂ ಕೇಳಿದ ಹಾಡುಗಳಿಗಿಂತ ಹಾಡುಗಳ ಮೇಲೆ ಸುರಿದ ಮಾತೇ ಹೆಚ್ಚು.

ತೊಂಬತ್ತರ ಆರಂಭದಲ್ಲಿ ನನಗೆ ವಿಜಯವಾಡಕ್ಕೆ ವರ್ಗವಾಯಿತು. ಕಡಲಿನ ಜಾಗಕ್ಕೆ ಕಾಲುವೆಗಳು ಬಂದವು, ಗಾಳಿಯ ಜಾಗಕ್ಕೆ ಬಿಸಿಲು. ಭಾನುವಾರ ಮಾತ್ರ ಖಾಲಿಯಾಗಿ ಉಳಿಯಿತು. ಅದನ್ನು ತುಂಬಲು ನಾವು ಕಂಡುಕೊಂಡದ್ದು ತಿಂಗಳಿಗೊಂದು ಕ್ಯಾಸೆಟ್ಟು: ಆ ಕಡೆಗೆ ರೈಲು ಹತ್ತುವ ಯಾರಾದರೊಬ್ಬರ ಕೈಯಲ್ಲಿ ಇಲ್ಲಿಂದ ಒಂದು ಹೋಗುವುದು, ಅಲ್ಲಿಂದ ಒಂದು ಬರುವುದು. ಜೊತೆಗೆ ನನ್ನದೊಂದು ಕಾಗದ. ಯಾವ ಹಾಡನ್ನು ಯಾವ ಹೊತ್ತಿನಲ್ಲಿ, ಯಾವ ಮನಸ್ಥಿತಿಯಲ್ಲಿ ಕೇಳಬೇಕೆಂಬ ಸೂಚನೆಗಳ ನಾಲ್ಕು ಪುಟ. ಔಷಧದ ಬಾಟಲಿಗಿಂತ ಅದರ ಸುತ್ತಿನ ಚೀಟಿಯೇ ದೊಡ್ಡದಾದ ಹಾಗೆ.

ಹೀಗೆ ಒಮ್ಮೆ ಹುರುಪೆದ್ದು, ಅಷ್ಟೂ ವರ್ಷಗಳ ಸಂಗ್ರಹದಿಂದ ಅತ್ಯುತ್ತಮವಾದವನ್ನು ಹೆಕ್ಕಿ, ಮನೆಯ ಟೇಪ್‌ರೆಕಾರ್ಡರಿನಲ್ಲೇ ನಕಲು ಮಾಡಿ ಒಂದು ಕ್ಯಾಸೆಟ್ಟು ಕಟ್ಟಿದೆ. ಅದರ ನಟ್ಟನಡುವೆ ಒಂದು ಕ್ಲಾರಿನೆಟ್ ಇಟ್ಟೆ. ಎರಡೇ ನಿಮಿಷದ ವಾದನ. ನಗುನಗುತ್ತಾ ಶುರುವಾಗಿ, ಏರುತ್ತಾ ಏರುತ್ತಾ ಹೋಗಿ, ಇನ್ನೇನು ತುದಿ ಮುಟ್ಟಬೇಕು ಎನ್ನುವಷ್ಟರಲ್ಲಿ ಥಟ್ಟನೆ ಮೌನ. ಕಾಗದದಲ್ಲಿ ಬರೆದೆ: ಇದು ನಾನು ನಿಮಗಾಗಿ ಹುಡುಕಿದ್ದು; ಐವತ್ತರ ದಶಕದ ಮುಂಬಯಿ ಸ್ಟುಡಿಯೊದಲ್ಲಿ ದುಡಿದ ಯಾರೋ ಗೋವೆಯ ವಾದಕನದೇ ಸರಿ; ಇದರ ದೊಡ್ಡತನವಿರುವುದು ಮುಗಿಯಲು ನಿರಾಕರಿಸುವ ಧೈರ್ಯದಲ್ಲಿ; ಜೀವನದಲ್ಲಿ ಯಾವುದು ತಾನೇ ಮುಗಿಯುತ್ತದೆ, ಮುಂತಾಗಿ ಒಂದೂವರೆ ಪುಟ. ಮುಕ್ತಾಯಗಳನ್ನು ಕಂಡರಾಗದ ಆ ದಿನಗಳಲ್ಲಿ ನಾನೇ ಬರೆಯುತ್ತಿದ್ದ ಕತೆಗಳೂ ಮೆಟ್ಟಿಲಿನ ಮಧ್ಯೆ ನಿಂತುಬಿಡುತ್ತಿದ್ದವು. ಕ್ಲಾರಿನೆಟ್ಟಿನಲ್ಲಿ ನನಗೊಬ್ಬ ಸೋದರ ಸಿಕ್ಕಿದ್ದ.

ಬಸವರಾಜನ ಉತ್ತರ ಒಂದೇ ವಾರದಲ್ಲಿ ಬಂತು. "ರಾಯರ, ನಾ ತಂದ ಸಕ್ಕರಿ ನನಗ ಪ್ರಸಾದ ಅಂತ ಹಂಚಾಕ ಹತ್ತೀರಲ್ಲ! ಈ ಕ್ಲಾರಿನೆಟ್ ಸೂಯೆಜ್ ಕಡೆ ಒಂದು ಬಂದರಿನಾಗ ನಾನು ಕೈಯಾರೆ ಆರಿಸಿ ತಂದದ್ದು. ನಿಮಗ ಕೇಳಿಸಿದಾಂವ ನಾನು. ಗೋವಾ ಎಲ್ಲಿಂದ ಬಂತು?"

ನಕ್ಕು ಬಿಡಬಹುದಿತ್ತು. ಬಿಡಲಿಲ್ಲ. ಒಂದು ಹಾಡನ್ನು ಮೊದಲು ಕಂಡವನು ನಾನು ಎಂಬುದರಲ್ಲಿ ಅಂಥದ್ದೇನಿದೆ ಎಂದು ಈಗ ಕೇಳಿಕೊಳ್ಳುತ್ತೇನೆ. ಹಾಡು ಬೇರೆಯವರದು, ವಾದ್ಯ ಬೇರೆಯವರದು, ಉಸಿರೂ ಬೇರೆಯವರದು; ನಮ್ಮದು ಎನ್ನಲು ಉಳಿಯುವುದು 'ಕಂಡದ್ದು' ಒಂದೇ, ಅದಕ್ಕೇ ಅದನ್ನು ಅಷ್ಟು ಬಿಗಿಯಾಗಿ ಹಿಡಿಯುತ್ತೇವೋ ಏನೋ. ನೀವೂ ಯಾರಿಗೋ ಏನನ್ನೋ ಕೇಳಿಸಿ, ಅವರ ಮುಖದಲ್ಲಿ ಬೆರಗು ಮೂಡುವುದನ್ನು ಕಾದು ಕೂತಿದ್ದರೆ ಇದು ತಿಳಿದೀತು. ನಾನು ಬಿಗಿಯಾಗಿಯೇ ಬರೆದೆ, ಅವನು ಇನ್ನೂ ಬಿಗಿಯಾಗಿ ಬರೆದ. "ನಿಮ್ಮ ನೆನಪಿಗೆ ಉಪ್ಪುನೀರು ಹೊಕ್ಕಿದೆ" ಎಂದು ನಾನು. "ನಿಮ್ಮದಕ್ಕ ಗೆದ್ದಲ ಹತ್ತೇತಿ" ಎಂದು ಅವನು. ಆಮೇಲೆ ಕಾಗದ ನಿಂತಿತು, ಕ್ಯಾಸೆಟ್ಟೂ ನಿಂತಿತು. ಒಂದಲ್ಲ, ನಾಲ್ಕು ತಿಂಗಳು.

ವಿಜಯವಾಡದ ಶಾಲೆಯಲ್ಲಿ ತೆಲುಗೇ ನಾಲಿಗೆಯಾಗಿಬಿಟ್ಟಿದ್ದ ಮಗಳು ರೇಖಾ ಕೇಳಿದಳು: "ಅಪ್ಪಾ, ಬಸವರಾಜ್ ಅಂಕಲ್ ಜೊತೆ ಕಟೀಫಾ?" ನಮ್ಮೂರ ಮಕ್ಕಳು ಕಿರುಬೆರಳು ತೋರಿಸಿ ಟೂ ಬಿಡುವುದಕ್ಕೆ ಅಲ್ಲಿಯ ಮಕ್ಕಳ ಮಾತು ಅದು. ನಲವತ್ತೆರಡು ವರ್ಷದ ಅಧಿಕಾರಿಗೆ ಅದಕ್ಕಿಂತ ಗಂಭೀರವಾದ ಪದ ಸಿಗಲಿಲ್ಲ.

ಗಂಡಸರ ಅಂಚೆ ನಿಂತರೂ ಹೆಂಗಸರದು ನಡೆದೇ ಇತ್ತು. ಒಂದು ಸಂಜೆ ವಿಮಲಾ ಬಸವರಾಜನ ಹೆಂಡತಿ ಶಾಂತಾಳ ಕಾಗದ ಹಿಡಿದು ಬಂದಳು. "ರೀ, ಅವರಿಗೆ ಕೊಚ್ಚಿಗೆ ಪೋಸ್ಟಿಂಗ್ ಆಗಿದೆಯಂತೆ. ಮುಂದಿನ ವಾರ ಹೊರಡ್ತಾರೆ. ಮುಖ ನೋಡದೆ ಕಳಿಸಿಬಿಡ್ತೀರಾ?"

ಇಲ್ಲಿಂದ ವಿಶಾಖಪಟ್ಟಣ ಒಂದು ಹಗಲಿನ ಪ್ರಯಾಣ. ಕೊಚ್ಚಿಯೆಂದರೆ ಇನ್ನೊಂದು ಸಮುದ್ರ. ಈಗ ಹೋಗದಿದ್ದರೆ ಹತ್ತು ವರ್ಷದ ಗೆಳೆತನ ಎರಡು ನಿಮಿಷದ ಕ್ಲಾರಿನೆಟ್ಟಿಗೆ ಬಲಿಯಾಗುತ್ತದೆ ಎಂದು ನನಗೂ ಗೊತ್ತಿತ್ತು. ರೇಖಾಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ವಿಮಲಾಳ ಜೊತೆ ಹೊರಟೆ. ಆದರೆ ಬರಿಗೈಯಲ್ಲಿ ಹೊರಟೆನೆಂದು ತಿಳಿಯಬೇಡಿ. ಪೆಟ್ಟಿಗೆಗಳನ್ನೆಲ್ಲ ಕೆದಕಿ, ಆ ವಾದನ ಮೊದಲು ಬಂದಿದ್ದ ಮೂಲ ಕ್ಯಾಸೆಟ್ಟನ್ನು ಹುಡುಕಿ, ಸಾಕ್ಷಿಯೆಂದು ಜೇಬಿನಲ್ಲಿಟ್ಟುಕೊಂಡೆ. ರೈಲು ದುವ್ವಾಡ ದಾಟಿ, ವಿಶಾಖಪಟ್ಟಣ ಇನ್ನೇನು ಬಂತು ಎನ್ನುವಾಗ ವಿಮಲಾ ಕೇಳಿದಳು: "ರಾಜಿಗೆ ಹೋಗ್ತಿದ್ದೀವೋ ಕೋರ್ಟಿಗೆ ಹೋಗ್ತಿದ್ದೀವೋ?" ನಾನು ಜೇಬು ಮುಟ್ಟಿ ನೋಡಿಕೊಂಡೆ.

ಬಾಗಿಲಲ್ಲಿ ನಿಂತಿದ್ದ ಬಸವರಾಜ ವಿಮಲಾಳಿಗೆ "ಬರ್ರಿ ವೈನಿ" ಎಂದ, ಅತ್ತಿಗೆಯನ್ನು ಕರೆಯುವ ಅವರ ಸೀಮೆಯ ಮಾತಿನಲ್ಲಿ. ನನಗೆ ಬರೀ "ಹ್ಞೂಂ." ಅರ್ಧ ಕಟ್ಟಿದ ಗಂಟುಮೂಟೆಗಳ ನಡುವೆ ಕೂತು ಚಹಾ ಕುಡಿದೆವು. ಲೋಟ ಕೆಳಗಿಡುವ ಮೊದಲೇ ನಾನು ಜೇಬಿಗೆ ಕೈ ಹಾಕಿದೆ.

"ಸಾಕ್ಷಿ ತಂದೀರಿ? ನಡೀರಿ, ಸತ್ಯಂನ ಅಂಗಡಿಗೆ ಹೋಗೂಣು. ತುಂಬಿಸಿದಾಂವ ಅವನ. ಇವತ್ತ ಸೂಯೆಜ್ ಖರೆಯೋ ಗೋವಾ ಖರೆಯೋ ಆಗೇಬಿಡ್ಲಿ."

ನಾಲ್ವರೂ ಹೋದೆವು. ಸತ್ಯಂ ಕ್ಯಾಸೆಟ್ಟನ್ನು ಹಾಕಿ, ಎ ಬದಿಯ ಕೊನೆಗೆ ಓಡಿಸಿ, ನಾಲ್ಕು ಸ್ವರ ಕೇಳಿದ್ದೇ ಮುಖ ಅರಳಿಸಿದ. "ಅಯ್ಯೋ ಸಾರ್, ಇದಿ ಮನ ಭೀಮಿಲಿ ಬ್ಯಾಂಡ್ ಕದಾ!"

ಅವನು 'ನಮ್ಮದು' ಎಂದ ಭೀಮಿಲಿ ಎಂದರೆ ಭೀಮುನಿಪಟ್ಟಣ. ಬಸ್ಸಿನಲ್ಲಿ ಕೂತರೆ ಒಂದು ಗಂಟೆಯ ದಾರಿ. ಅಲ್ಲಿನ ಮೀನುಗಾರರ ಮದುವೆಗಳಿಗೆ ನುಡಿಸುವ ಬ್ಯಾಂಡಿನವರು ತಮ್ಮ ವಾದನವನ್ನು ಒಂದು ಟೇಪಿಗೆ ತುಂಬಿಸಿ ಅವನ ಅಂಗಡಿಯಲ್ಲಿ ಇಟ್ಟು ಹೋಗಿದ್ದರಂತೆ. ಮುಂಬಯಿಯೂ ಇಲ್ಲ, ಸೂಯೆಜೂ ಇಲ್ಲ.

"ಮತ್ತೆ ಇದನ್ನ ನನ್ನ ಕ್ಯಾಸೆಟ್ಟಿಗೆ ಹಾಕಿದ್ದು ನೀನು ತಾನೆ?" ಎಂದೆ, ಕೊನೆಯ ಕಡ್ಡಿ ಹಿಡಿದುಕೊಂಡು.

"ನೇನು ಕಾದು ಸಾರ್," ಸತ್ಯಂ ತಾನಲ್ಲ ಎಂದು ತಲೆಯಾಡಿಸಿ ವಿಮಲಾಳ ಕಡೆ ಕೈ ತೋರಿಸಿದ. "ಅಮ್ಮಗಾರಿ ಸೆಲೆಕ್ಷನ್. ಅನ್ನೀ ಅಮ್ಮಗಾರಿವೇ."

ಎಲ್ಲವೂ ಅಮ್ಮನವರದೇ! ಕ್ಯಾಸೆಟ್ಟು ತರಲು ಹೋದಾಗ ಬದಿ ಇನ್ನೂ ತುಂಬುತ್ತಿರುತ್ತಿತ್ತು. ಎರಡು ನಿಮಿಷ ಉಳಿದಿದೆ, ಏನು ಹಾಕಲಿ ಎಂದು ಅವನು ಕೇಳುತ್ತಿದ್ದ. ತರಕಾರಿ ಚೀಲ ಕೆಳಗಿಟ್ಟು, ನಾಲ್ಕಾರು ಟೇಪು ಕೇಳಿ, ಇದು ಎಂದು ಇವಳು ಹೇಳುತ್ತಿದ್ದಳು. ವರ್ಷಗಳುದ್ದಕ್ಕೂ ನಾನು ಊರೂರಿಗೆ ನನ್ನ ಕಿವಿಯ ಹೆಗ್ಗಳಿಕೆಯೆಂದು ಹಂಚಿದ ಆ ಅನಾಮಧೇಯ ತುಣುಕುಗಳೆಲ್ಲ ತರಕಾರಿ ಚೀಲದ ಜೊತೆ ಮನೆಗೆ ಬಂದವು.

"ನೀನು ಒಂದು ಮಾತು ಹೇಳಲಿಲ್ಲವಲ್ಲ!"

"ಹೇಳಿದ್ದೆ ಕಣ್ರೀ, ಎರಡು ಸಲ. ನೀವು ಆಗ ಮಾತಾಡ್ತಿದ್ರಿ."

ಮಾರ್ಕೆಟ್ಟಿನ ಮುಂದೆ ಒಂದು ಮದುವೆಯ ಮೆರವಣಿಗೆ ಹೋಗುತ್ತಿತ್ತಂತೆ, ಸುಡುಬಿಸಿಲಲ್ಲಿ ಮುದುಕನೊಬ್ಬ ಕಣ್ಣು ಮುಚ್ಚಿ ಕ್ಲಾರಿನೆಟ್ ಊದುತ್ತಿದ್ದನಂತೆ, ಬೆಂಡೆಕಾಯಿ ಆರಿಸುವುದನ್ನು ಬಿಟ್ಟು ಇವಳು ಹಿಂದೆಯೇ ಮೂಲೆಯವರೆಗೆ ನಡೆದಳಂತೆ; ಆಮೇಲೆ ಸತ್ಯಂನ ಅಂಗಡಿಯಲ್ಲಿ ಅದೇ ಬ್ಯಾಂಡಿನ ಟೇಪು ಕಂಡು, ಇದನ್ನೇ ಹಾಕು ಎಂದಳಂತೆ. ಶಾಂತಾ ಅಲ್ಲಿಗೇ ಗಂಡನ ಸೂಯೆಜನ್ನೂ ಮುಳುಗಿಸಿದಳು: "ಅಕ್ಕಾರ ಈ ಕ್ಯಾಸೆಟ್ಟ ನನಗ ಕೇಳಾಕ ಕೊಟ್ಟಿದ್ರು. ನೀವು ಅವತ್ತ ಹಡಗದಿಂದ ಬಂದು ಚೀಲ ಸುರುವಿದ್ರಿ. ಮನ್ಯಾಗ ಹಾಡಿದ್ದೆಲ್ಲ ನಿಮ್ಮ ಚೀಲದ್ದ ಅಂತ ತಿಳಕೊಂಡ್ರಿ."

ಸತ್ಯಂ ಅಷ್ಟರಲ್ಲಿ ಬ್ಯಾಂಡಿನ ಮೂಲ ಟೇಪನ್ನು ತೆಗೆದು ಪೂರ್ತಿ ಹಾಕಿದ. ಕ್ಲಾರಿನೆಟ್ ಏರಿತು, ಏರಿತು, ನನ್ನ ಮಹಾಮೌನ ಬರಬೇಕಾದ ಜಾಗಕ್ಕೆ ಬಂತು, ನಿಲ್ಲದೆ ದಾಟಿಹೋಯಿತು. ಮುಂದಿನ ಮೂರು ನಿಮಿಷ ಅದು ಹಾಯಾಗಿ ಇಳಿದು, ಮದುವೆಮನೆಯ ಬಾಗಿಲು ಕಂಡವರ ಸಡಗರದಲ್ಲಿ ತಾಳ, ಡೋಲು, ತುತ್ತೂರಿಗಳನ್ನೆಲ್ಲ ಜೊತೆಗೆ ಕರೆದುಕೊಂಡು, ಢಂ ಎಂದು ಮುಗಿಯಿತು. ಮೂರು ಸಲ ಢಂ. ಇದಕ್ಕಿಂತ ಅಚ್ಚುಕಟ್ಟಾದ ಮುಕ್ತಾಯ ನಾನು ಕೇಳಿಲ್ಲ. ಎ ಬದಿಯ ಅಂಚಿನಲ್ಲಿದ್ದಾಗ ಬರೀ ಟೇಪು ಸಾಲದೆ ತುಂಡಾಗಿದ್ದದ್ದು, ನಾನೇ ನಕಲು ಮಾಡಿ ನಡುವೆ ಇಟ್ಟಾಗ ನನ್ನ ಕಣ್ಣಿಗೆ ಧೈರ್ಯವಾಗಿ ಕಂಡಿತ್ತು. ಅದು ಅಂಚಿನದೆಂಬುದು ಒಂದು ಕಾಲಕ್ಕೆ ನನಗೆ ಗೊತ್ತಿದ್ದೇ ಇತ್ತು. ಮಳೆ ಸುರಿಸುವ ನೆನಪನ್ನು ಅನುಮಾನಿಸಿದ ನಾನು, ಅದು ಮೌನ ಸುರಿಸಿದಾಗ ಕೊಡೆ ಬಿಚ್ಚಲಿಲ್ಲ.

ಬಸವರಾಜ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಜೀವನದಾಗ ಯಾವುದು ಮುಗೀತೈತಿ, ರಾಯರ? ಮೂರು ಸಲ ಮುಗೀತಲ್ಲೋ ಯಪ್ಪಾ!" ನಾಲ್ಕು ತಿಂಗಳಲ್ಲಿ ಅವನು ನನಗೆ ನೇರವಾಗಿ ಆಡಿದ ಮೊದಲ ಸರಾಗ ಮಾತು ಅದು. ನನಗೂ ನಗು ಬಂತು. ಅವನು ಕಣ್ಣೊರೆಸಿಕೊಂಡು ವಿಮಲಾಳ ಕಡೆ ತಿರುಗಿದ. "ವೈನಿ, ಹಂಗಾದ್ರ ನಮ್ಮಿಬ್ಬರದೂ ಬರೀ ಬಾಯಿ. ಕಿವಿ ನಿಮ್ಮದು. ಕೊಚ್ಚಿಗೆ ತಿಂಗಳಾ ಕ್ಯಾಸೆಟ್ಟ ಕಳಸ್ರಿ. ನೀವು ಆರಿಸಿದ್ದ ಇರಬೇಕು ಮತ್ತ."

"ಕಳಿಸ್ತೀನಿ ಬಸಣ್ಣ. ಆದ್ರೆ ಕಾಗದ ಬರೋಲ್ಲ ಜೊತೆಗೆ. ಹಾಡುವಾಗ ಯಾರೂ ಮಾತಾಡಕೂಡದು. ಆಗುತ್ತಾ ನಿಮ್ಮಿಬ್ಬರ ಕೈಲಿ? ಈಗಲೇ ನೋಡೋಣ."

ಆ ಮಧ್ಯಾಹ್ನ ಕ್ವಾರ್ಟರ್ಸಿನಲ್ಲಿ, ಕಟ್ಟದೆ ಬಿಟ್ಟಿದ್ದ ಒಂದೇ ಚಾಪೆಯ ಮೇಲೆ ನಾವಿಬ್ಬರೂ ಪರೀಕ್ಷೆಗೆ ಕೂತೆವು. ವಿಮಲಾ ಸತ್ಯಂನ ಅಂಗಡಿಯಿಂದ ಆರಿಸಿ ತಂದಿದ್ದ ಒಂದು ಹಾಡನ್ನು ಹಾಕಿದಳು. ಹೆಂಗಸಿನ ದನಿ, ಹಿಂದೆ ತಂಬೂರಿ ಮಾತ್ರ. ಒಂದು ತಿರುವಿನಲ್ಲಿ ನನ್ನ ಕೈ ತಾನಾಗಿ ಮೇಲೆದ್ದಿತು; ಬಸವರಾಜ ಅದನ್ನು ಹಿಡಿದು ಚಾಪೆಗೆ ಒತ್ತಿದ. ಮುಂದಿನ ತಿರುವಿನಲ್ಲಿ ಅವನ ಬಾಯಿ ತೆರೆಯಿತು. ನಾನು ಅವನ ಮೊಣಕಾಲು ಗಿಂಡಿದೆ. ಹಾಗೆ ಒಬ್ಬರನ್ನೊಬ್ಬರು ಕಾಯುತ್ತ, ಕೈ ಹಿಡಿದುಕೊಂಡೇ, ಇಬ್ಬರೂ ಮೊದಲ ಬಾರಿಗೆ ಒಂದು ಹಾಡನ್ನು ಪೂರ್ತಿ ಕೇಳಿದೆವು.

ಆ ಹಾಡು ಯಾವುದು, ಹಾಡಿದವರು ಯಾರು, ಯಾವ ದಶಕದ್ದು, ಯಾವ ಹೊತ್ತಿನಲ್ಲಿ ಕೇಳಬೇಕು ಎಂದು ನಿಮಗೆ ಹೇಳಬೇಕೆಂದು ನಾಲಿಗೆ ತುರಿಸುತ್ತಿದೆ. ಹೇಳುವ ಹಕ್ಕು ನನ್ನದಲ್ಲ. ಬೇಕಾದರೆ ಮನೆಗೆ ಬನ್ನಿ, ವಿಮಲಾಳನ್ನೇ ಕೇಳಿ. ಖಂಡಿತ ಹಾಕುತ್ತಾಳೆ, ನಿಮ್ಮ ಪಕ್ಕದಲ್ಲಿ ನನ್ನನ್ನು ಕೂರಿಸಿ, ನನ್ನ ಕೈ ಹಿಡಿದುಕೊಳ್ಳುವ ಕೆಲಸವನ್ನು ನಿಮಗೇ ವಹಿಸುತ್ತಾಳೆ.